ಬಂಪರಿನ ಬಣ್ಣ ಹಾವಿನ ಪೊರೆಯಂತೆ ಕಳಚಿ ಬಂತು: ಮನೆಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಸ್ಪ್ರೇ ಮಾಡುವಾಗ ತಪ್ಪಿದ್ದೆಲ್ಲಿ?

ಅರೆಗೆಲಸ (ಪ್ರಶ್ನೆ)

ನನ್ನ ಕಾರಿನ ಹಿಂದಿನ ಬಂಪರಿನ ಮೂಲೆ ಗೋಡೆಗೆ ಉಜ್ಜಿದ ಕಾರಣ ಅಂಗೈ ಅಗಲದಷ್ಟು ಜಾಗದಲ್ಲಿ ಬಣ್ಣ ಹೋಗಿ, ಒಳಗಿನ ಕಪ್ಪು ಪ್ಲಾಸ್ಟಿಕ್ ಕಾಣತೊಡಗಿತ್ತು. ಕೆಲಸವನ್ನು ನಾನೇ ಮಾಡಿ ನೋಡೋಣವೆಂದು ಬಂಪರನ್ನು ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, 180ನೇ ನಂಬರಿನ ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ತಗಡಿನ ಕೆಲಸಕ್ಕೆಂದು ಮೊದಲೇ ತಂದಿಟ್ಟಿದ್ದ ಬೂದು ಪ್ರೈಮರನ್ನು (ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ) ಎರಡು ಪದರ ಹೊಡೆದೆ. ಅದರ ಮೇಲೆ ಬೆಳ್ಳಿ ಬಣ್ಣ ಮೂರು ಪದರ, ಪಾರದರ್ಶಕ ಮೇಲ್ಪದರವಾದ ಕ್ಲಿಯರ್ ಕೋಟ್ ಎರಡು ಪದರ. ಎಲ್ಲವೂ ಸ್ಪ್ರೇ ಕ್ಯಾನುಗಳೇ. ಎರಡು ಕಡೆ ಸಾಸಿವೆ ಗಾತ್ರದ ಗುಳಿಗಳು ಬಿದ್ದದ್ದನ್ನು ಬಿಟ್ಟರೆ ಕೆಲಸ ನನಗೇ ಮೆಚ್ಚುಗೆಯಾಗುವಷ್ಟು ಚೆನ್ನಾಗಿ ಬಂದಿತ್ತು.

ಎರಡು ವಾರ ಕಳೆದ ಮೇಲೆ ರಭಸದ ನೀರಿನ ಪಂಪಿನಿಂದ ಕಾರು ತೊಳೆಯುವಾಗ ಆ ಮೂಲೆಯ ಬಣ್ಣ ಒಂದು ಅಂಚಿನಿಂದ ಎದ್ದು, ಹಾವಿನ ಪೊರೆಯಂತೆ ಉದ್ದಕ್ಕೆ ಕಳಚಿಕೊಂಡು ಬಂತು. ಕಳಚಿದ ಪದರದ ಹಿಂಬದಿಯಲ್ಲಿ ಬೂದು ಪ್ರೈಮರೂ ಇತ್ತು. ಕೆಳಗೆ ಉಳಿದ ಪ್ಲಾಸ್ಟಿಕ್ ಮಾತ್ರ ಏನೂ ಹಚ್ಚಿಯೇ ಇಲ್ಲವೇನೋ ಎಂಬಷ್ಟು ಶುದ್ಧವಾಗಿತ್ತು. ಆದರೆ ಅದೇ ಬಂಪರಿನಲ್ಲಿ ಕಾರ್ಖಾನೆಯ ಹಳೆಯ ಬಣ್ಣದ ಮೇಲೆ ನಾನು ಹೊಡೆದ ಭಾಗ ಉಗುರು ಹಾಕಿದರೂ ಏಳುತ್ತಿಲ್ಲ. ಇನ್ನೊಂದು ವಿಚಿತ್ರವೆಂದರೆ, ಅದೇ ದಿನ ಅದೇ ಕ್ಯಾನುಗಳಿಂದ ಬಣ್ಣ ಹೊಡೆದ ಪಕ್ಕದ ಕನ್ನಡಿಯ ಹೊದಿಕೆ ಇಂದಿಗೂ ಗಟ್ಟಿಯಾಗಿದೆ, ಅದೂ ಬರೀ ಪ್ಲಾಸ್ಟಿಕ್ಕಿನ ಮೇಲೆ ಹೊಡೆದದ್ದು.

ತಪ್ಪು ಪ್ರೈಮರಿನದ್ದೇ, ಉಜ್ಜಿದ್ದು ಸಾಲದೇ ಹೋಯಿತೇ, ಅಥವಾ ಬಂಪರಿನ ಪ್ಲಾಸ್ಟಿಕ್ಕೇ ಬೇರೆಯೇ? ಮತ್ತೆ ಮೊದಲಿನಿಂದ ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು? ಬಂಪರಿನ ಕೆಳಗಿರುವ ಒರಟು ಮೈಯ ಕಪ್ಪು ಪಟ್ಟಿಗೂ ಬಣ್ಣ ಹೊಡೆಯುವ ಆಸೆಯಿದೆ, ಅದರ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ.

ಉಪ್ಪುಕಾಗದ

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಪದರ ಕಳಚಿದ್ದು ಪ್ರೈಮರ್ ಮತ್ತು ಬಣ್ಣದ ನಡುವೆ ಅಲ್ಲ, ಪ್ಲಾಸ್ಟಿಕ್ ಮತ್ತು ಪ್ರೈಮರಿನ ನಡುವೆ. ಮೇಲಿನ ಪದರಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದರಿಂದಲೇ ಅದು ಪುಡಿಪುಡಿಯಾಗದೆ ಪೊರೆಯಂತೆ ಉದ್ದಕ್ಕೆ ಬಂದಿದೆ. ಹಾಗಾಗಿ ಬಣ್ಣವನ್ನಾಗಲಿ ಕ್ಲಿಯರನ್ನಾಗಲಿ ದೂರಬೇಡಿ.

ಕನ್ನಡಿಯ ಹೊದಿಕೆ ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನದ್ದು. ಅದನ್ನು ಉಜ್ಜಿ ಸ್ವಚ್ಛಗೊಳಿಸಿದರೆ ಹೆಚ್ಚಿನ ಪ್ರೈಮರುಗಳು ಹಿಡಿಯುತ್ತವೆ. ಈಗಿನ ಬಂಪರುಗಳು ಹೆಚ್ಚಾಗಿ ಪಾಲಿಪ್ರೊಪಿಲೀನಿಗೆ ರಬ್ಬರ್ ಗುಣದ ವಸ್ತುವನ್ನು ಬೆರೆಸಿ ಮಾಡಿದವು. ಅವುಗಳ ಮೇಲೆ ಸಾಮಾನ್ಯ ಪ್ರೈಮರ್ ಒಣಗುತ್ತದೆಯೇ ಹೊರತು ಅಂಟುವುದಿಲ್ಲ. ಅಲ್ಲಿಗೆ ಅಡ್ಹೀಷನ್ ಪ್ರಮೋಟರ್ ಎಂಬ, ನೀರಿನಷ್ಟು ತೆಳುವಾದ, ಬಣ್ಣವಿಲ್ಲದ ಪದರವೊಂದು ಮೊದಲು ಬೇಕು. ಕೆಲವು ಕ್ಯಾನುಗಳ ಮೇಲೆ ಪ್ಲಾಸ್ಟಿಕ್ ಪ್ರೈಮರ್ ಎಂದಷ್ಟೇ ಬರೆದಿರುತ್ತದೆ. ಕೊಳ್ಳುವಾಗ ಪಾಲಿಪ್ರೊಪಿಲೀನಿಗೆ ಅಥವಾ ಬಂಪರಿಗೆ ಆಗುತ್ತದೆಂಬ ಮಾತು ಅದರ ಮೇಲಿದೆಯೇ ಎಂದು ಓದಿಕೊಳ್ಳಿ.

ಮರಳಿ ಮಾಡುವಾಗ ಮೊದಲ ಕೆಲಸ, ಬರೀ ಪ್ಲಾಸ್ಟಿಕ್ಕಿನ ಮೇಲೆ ನೀವು ಹೊಡೆದದ್ದನ್ನೆಲ್ಲ ತೆಗೆಯುವುದು. ಇನ್ನೂ ಅಂಟಿಕೊಂಡಂತೆ ಕಾಣುವ ಭಾಗವೂ ಗಟ್ಟಿಯಾಗಿಲ್ಲ, ಇನ್ನೂ ಬಿದ್ದಿಲ್ಲ ಅಷ್ಟೆ. ಗಟ್ಟಿ ಟೇಪನ್ನು ಅಂಟಿಸಿ ಕಿತ್ತು ಬರುವಷ್ಟನ್ನು ಬರಿಸಿ, ಉಳಿದದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಕೊನೆಗೆ ಉಜ್ಜಿ ತೆಗೆಯಿರಿ. ಬಣ್ಣ ಕರಗಿಸುವ ಸ್ಟ್ರಿಪ್ಪರ್ ದ್ರಾವಣವನ್ನು ಬಳಸಬೇಡಿ, ಅದು ಬಣ್ಣದ ಜೊತೆಗೆ ಪ್ಲಾಸ್ಟಿಕ್ಕನ್ನೂ ಕೆಡಿಸಬಹುದು. ಕಾರ್ಖಾನೆಯ ಹಳೆಯ ಬಣ್ಣ ಗಟ್ಟಿಯಾಗಿರುವ ಕಡೆ ಅದನ್ನು ಕೆರೆದು ಪ್ಲಾಸ್ಟಿಕ್ಕಿನವರೆಗೆ ಹೋಗುವ ಅಗತ್ಯವೇ ಇಲ್ಲ. ಅದಕ್ಕಿಂತ ಒಳ್ಳೆಯ ಅಡಿಪಾಯವನ್ನು ನಾವು ಮನೆಯಲ್ಲಿ ಹಾಕಲಾರೆವು; ಅದರ ಹೊಳಪನ್ನು ಕಳೆದರೆ ಸಾಕು.

ಎರಡನೆಯದು ತೊಳೆಯುವ ಮತ್ತು ಉಜ್ಜುವ ಅನುಕ್ರಮ. ತೊಳೆಯುವುದಕ್ಕೆ ಮೊದಲೇ ಉಜ್ಜಿದರೆ ಮೇಲಿನ ಮೇಣ, ಪಾಲಿಷ್, ಟೈರಿಗೆ ಹಚ್ಚಿದ ಸಿಲಿಕೋನ್ ಎಲ್ಲವೂ ಗೀರುಗಳೊಳಗೆ ಸೇರಿಕೊಳ್ಳುತ್ತವೆ. ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರಾವಣದಲ್ಲಿ ಬೂದು ಬಣ್ಣದ ನಾರಿನ ಪ್ಯಾಡಿನಿಂದ ಮೂಲೆಮೂಲೆಯನ್ನೂ ತಿಕ್ಕಿ ತೊಳೆಯಿರಿ. ಒಣಗಿದ ಮೇಲೆ ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಿಂದ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿಬಿಡಿ. ಒಂದೇ ಬಟ್ಟೆಯಲ್ಲಿ ಒರೆಸುತ್ತಾ ಹೋದರೆ ಜಿಡ್ಡು ಹೋಗುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತದೆ. ನಿಮ್ಮ ಆ ಸಾಸಿವೆ ಗುಳಿಗಳು ಬಹುಮಟ್ಟಿಗೆ ಇದೇ ಸಿಲಿಕೋನಿನ ಕೊಡುಗೆ. ಥಿನ್ನರನ್ನು ಈ ಕೆಲಸಕ್ಕೆ ಬಳಸಬೇಡಿ: ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಭಾಗಗಳಲ್ಲಿ ಅದು ಕೂದಲೆಳೆಯಂಥ ಬಿರುಕುಗಳನ್ನು ಎಬ್ಬಿಸಬಲ್ಲದು.

180ನೇ ನಂಬರ್ ತೀರಾ ಒರಟಾಯಿತು. ಪಾಲಿಪ್ರೊಪಿಲೀನ್ ಮೃದುವಾದ ವಸ್ತು; ಒರಟು ಕಾಗದ ಅದನ್ನು ಸವೆಸುವುದಕ್ಕಿಂತ ಹೆಚ್ಚಾಗಿ ಹರಿದು, ಮೈಮೇಲೆ ಹತ್ತಿಯಂಥ ನವಿರು ಎಳೆಗಳನ್ನು ಎಬ್ಬಿಸುತ್ತದೆ. ಆ ಎಳೆಗಳು ಪ್ರೈಮರಿನಲ್ಲಿ ನೆನೆದು ನಿಂತುಬಿಟ್ಟರೆ ಮುಂದೆ ಎಷ್ಟು ಪದರ ಹೊಡೆದರೂ ಕಾಣುತ್ತಲೇ ಇರುತ್ತವೆ. ಹಳೆಯ ಬಣ್ಣದ ಅಂಚನ್ನು 320ರಿಂದ ಇಳಿಜಾರಾಗಿಸಿ, 400ರಿಂದ ನಯಗೊಳಿಸಿ, ಬರೀ ಪ್ಲಾಸ್ಟಿಕ್ ಭಾಗವನ್ನು 500 ಅಥವಾ 600ರ ವಾಟರ್ ಪೇಪರಿನಿಂದ ನೀರು ಹಾಕುತ್ತಾ ಹಗುರವಾಗಿ ಉಜ್ಜಿ. ಕಣ್ಣುಮುಚ್ಚಿ ಬೆರಳಾಡಿಸಿದಾಗ ಬಣ್ಣ ಎಲ್ಲಿ ಮುಗಿದು ಪ್ಲಾಸ್ಟಿಕ್ ಎಲ್ಲಿ ಶುರುವಾಯಿತೆಂಬುದು ತಿಳಿಯಬಾರದು. ಈ ಪರೀಕ್ಷೆಯಲ್ಲಿ ಕಣ್ಣಿಗಿಂತ ಬೆರಳು ಪ್ರಾಮಾಣಿಕ.

ಆಳವಾದ ಗೀರುಗಳಿದ್ದರೆ ಬಂಪರಿಗೆಂದೇ ಮಾಡಿದ ಬಾಗುವ ಪುಟ್ಟಿಯನ್ನು, ಅದರ ತಯಾರಕರು ಹೇಳಿದಂತೆ ಪ್ರಮೋಟರಿನ ಮೇಲೆ ಹಚ್ಚಿ. ತಗಡಿನ ಪುಟ್ಟಿ ಪ್ಲಾಸ್ಟಿಕ್ ಬಾಗಿದಾಗ ಬಾಗದೆ, ಅಂಚಿನಲ್ಲಿ ಬಿರಿದುಬಿಡುತ್ತದೆ.

ಕಣಕೂಟ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಬಂಪರ್ ಎಂದರೆ ಇದೇ ಪ್ಲಾಸ್ಟಿಕ್ ಎಂದು ಊಹಿಸುವುದಕ್ಕಿಂತ ಓದಿ ತಿಳಿಯುವುದು ಲೇಸು. ಭಾಗವನ್ನು ಮಗುಚಿ ಹಿಂಬದಿಯಲ್ಲಿ ಹುಡುಕಿದರೆ ಎರಡು ಬಾಣದ ಮೊನೆಗಳ ನಡುವೆ ಅಚ್ಚೊತ್ತಿದ ಅಕ್ಷರಗಳು ಸಿಗುತ್ತವೆ. ಪಿಪಿ ಎಂದರೆ ಪಾಲಿಪ್ರೊಪಿಲೀನ್, ಇಪಿಡಿಎಂ ಎಂದರೆ ಅದಕ್ಕೆ ಬೆರೆಸಿದ ರಬ್ಬರ್, ಅದರ ಪಕ್ಕದಲ್ಲಿ ಟಿಡಿ 20 ಎಂದಿದ್ದರೆ ನೂರಕ್ಕೆ ಇಪ್ಪತ್ತು ಭಾಗ ಟಾಲ್ಕ್ ಪುಡಿ ಸೇರಿದೆ ಎಂದರ್ಥ. ಎಬಿಎಸ್, ಪಿಸಿ, ಪಿಎ ಎಂಬವು ಬೇರೆ ಜಾತಿಯವು. ಪಿಸಿ ಎಂದರೆ ಪಾಲಿಕಾರ್ಬೊನೇಟ್, ಪಿಎ ಎಂದರೆ ನೈಲಾನ್.

ಗುರುತು ಸಿಗದಿದ್ದಾಗ ಒಂದು ಚೂರನ್ನು ನೀರಿಗೆ ಹಾಕಿ, ತೇಲಿದರೆ ಪಾಲಿಪ್ರೊಪಿಲೀನ್, ಮುಳುಗಿದರೆ ಎಬಿಎಸ್ ಎಂದು ತೀರ್ಮಾನಿಸುವ ಕ್ರಮವೊಂದಿದೆ. ಶುದ್ಧ ಪಾಲಿಪ್ರೊಪಿಲೀನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.9 ಗ್ರಾಂ ಆದ್ದರಿಂದ ಅದು ತೇಲುವುದು ನಿಜ. ಆದರೆ ನೂರಕ್ಕೆ ಇಪ್ಪತ್ತು ಭಾಗ ಟಾಲ್ಕ್ ಸೇರಿದ ಕೂಡಲೇ ಸಾಂದ್ರತೆ ಸುಮಾರು 1.04ಕ್ಕೆ ಏರುತ್ತದೆ, ಎಬಿಎಸ್ಸಿನದ್ದೂ ಹೆಚ್ಚುಕಡಿಮೆ ಅಷ್ಟೇ. ತೇಲಿದರೆ ನಂಬಬಹುದು, ಮುಳುಗಿದರೆ ಏನೂ ಹೇಳಲಾಗದು.

ಇನ್ನು ಅಂಟದಿರುವುದೇಕೆ ಎಂಬ ಪ್ರಶ್ನೆ. ದ್ರವವೊಂದು ಅಂಟಬೇಕಾದರೆ ಮೊದಲು ಹರಡಬೇಕು. ಪಾಲಿಪ್ರೊಪಿಲೀನಿನ ಮೇಲ್ಮೈ ಶಕ್ತಿ, ಅಂದರೆ ದ್ರವವನ್ನು ತನ್ನತ್ತ ಎಳೆದು ಹರಡಿಸುವ ಬಲ, ಮೀಟರಿಗೆ ಸುಮಾರು 30 ಮಿಲಿನ್ಯೂಟನ್. ನೀರಿನ ಮೇಲ್ಮೈ ಸೆಳೆತ, ಅಂದರೆ ತನ್ನನ್ನು ತಾನೇ ಉಂಡೆಯಾಗಿ ಹಿಡಿದಿಡುವ ಬಲ, 72. ಆದ್ದರಿಂದ ಅದರ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಉಂಡೆಗಟ್ಟುತ್ತದೆ. ಪ್ರೈಮರಿನ ದ್ರಾವಕಗಳು ನೀರಿಗಿಂತ ಸುಲಭವಾಗಿ ಹರಡುವುದರಿಂದ ಹೊಡೆಯುವಾಗ ಎಲ್ಲವೂ ಸರಿಯಾಗಿದೆ ಎನಿಸುತ್ತದೆ; ಆದರೆ ಪ್ಲಾಸ್ಟಿಕ್ಕಿನ ಅಣುಗಳಲ್ಲಿ ಬಣ್ಣ ಕೈಹಿಡಿಯುವಂಥ ಧ್ರುವೀಯ ಗುಂಪುಗಳೇ ಇಲ್ಲ. ಪ್ರಮೋಟರಿನಲ್ಲಿರುವ ಕ್ಲೋರಿನ್ ಸೇರಿಸಿದ ಪಾಲಿಒಲೆಫಿನ್ (ಪಾಲಿಪ್ರೊಪಿಲೀನ್ ಸೇರಿರುವ ಪ್ಲಾಸ್ಟಿಕ್ ಕುಲ) ಎರಡು ಮುಖದ ಮಧ್ಯಸ್ಥನಂತೆ, ತನ್ನದೇ ಕುಲದ ಪ್ಲಾಸ್ಟಿಕ್ಕಿನೊಳಗೆ ಸ್ವಲ್ಪ ಬೆರೆತು, ಇನ್ನೊಂದು ಕಡೆಯಿಂದ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಈ ಪದರ ತೆಳುವಾಗಿದ್ದಾಗ ಮಾತ್ರ ಬಲವಾಗಿರುತ್ತದೆ. ಒಳ್ಳೆಯದಲ್ಲವೇ ಎಂದು ನಾಲ್ಕು ಪದರ ಹೊಡೆದರೆ ಅದೇ ಒಳಗಿನಿಂದ ಸೀಳಿಕೊಳ್ಳುವ ದುರ್ಬಲ ಪದರವಾಗುತ್ತದೆ. ಒಂದು ಅಥವಾ ಎರಡು ತೆಳು ಪದರ ಸಾಕು, ಅದನ್ನು ಉಜ್ಜಬಾರದು, ಬೆರಳಿನಿಂದ ಮುಟ್ಟಲೂ ಬಾರದು, ಮತ್ತು ಕ್ಯಾನಿನ ಮೇಲೆ ಬರೆದ ಅವಧಿಯೊಳಗೆ ಮುಂದಿನ ಪದರ ಬೀಳಬೇಕು.

ಕಾರ್ಖಾನೆಗಳಲ್ಲಿ ಬಂಪರಿನ ಮೇಲೆ ಕ್ಷಣಮಾತ್ರ ಜ್ವಾಲೆ ಹಾಯಿಸಿ ಮೇಲ್ಮೈಯನ್ನು ಉತ್ಕರ್ಷಿಸುವ ಪದ್ಧತಿಯಿದೆ. ಅದನ್ನು ನೋಡಿ ಗ್ಯಾಸ್ ಟಾರ್ಚ್ ಹಿಡಿದು ಮನೆಯಲ್ಲೇ ಪ್ರಯತ್ನಿಸುವವರೂ ಇದ್ದಾರೆ. ಅಲ್ಲಿ ಜ್ವಾಲೆಯ ದೂರ ಮತ್ತು ವೇಗವನ್ನು ಯಂತ್ರ ಕಾಯ್ದುಕೊಳ್ಳುತ್ತದೆ. ನಮ್ಮ ಕೈ ಒಂದು ಕ್ಷಣ ತಡೆದರೆ ಬಂಪರು ಸೊಟ್ಟಗಾಗುತ್ತದೆ. ಪಕ್ಕದಲ್ಲೇ ಥಿನ್ನರ್, ಸ್ಪ್ರೇ ಕ್ಯಾನ್ ಇಟ್ಟುಕೊಂಡು ಬೆಂಕಿ ಹಿಡಿಯುವುದು ಬುದ್ಧಿವಂತಿಕೆಯಂತೂ ಅಲ್ಲ.

ಅರೆಗೆಲಸ

ಬಂಪರಿನ ಹಿಂದೆ ಪಿಪಿ, ಇಪಿಡಿಎಂ, ಟಿಡಿ 20 ಎಂದೇ ಇದೆ. ಕನ್ನಡಿಯ ಹೊದಿಕೆಯಲ್ಲಿ ಎಬಿಎಸ್. ಮೊದಲ ಒಗಟು ಬಿಡಿಸಿದಂತಾಯಿತು. ಪ್ರಮೋಟರ್ ತಂದಿದ್ದೇನೆ. ಎರಡು ಅನುಮಾನಗಳು ಉಳಿದಿವೆ: ಪೆಟ್ರೋಲ್ ಬಿದ್ದರೂ ಹೋಗದ ಟೂ-ಕೆ (ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಬಳಸುವ) ಕ್ಲಿಯರ್ ಕ್ಯಾನನ್ನು ಮನೆಯಲ್ಲಿ ಬಳಸಬಹುದೇ? ಮತ್ತು ಬಂಪರಿನಲ್ಲಿ ಪಾರ್ಕಿಂಗ್ ಸೆನ್ಸರುಗಳಿವೆ, ಅವುಗಳ ಮೇಲೂ ಬಣ್ಣ ಹೊಡೆಯಬಹುದೇ?

ತೆಳುಪದರ

ಸಿದ್ಧತೆಯ ಬಗ್ಗೆ ಹೇಳಬೇಕಾದದ್ದನ್ನು ಮೇಲಿನವರು ಹೇಳಿದ್ದಾರೆ. ನಾನು ಸ್ಪ್ರೇ ಹಿಡಿಯುವ ಕೈಯ ಬಗ್ಗೆ ಬರೆಯುತ್ತೇನೆ.

ಬಿಚ್ಚಿದ ಬಂಪರು ತನ್ನ ಭಾರಕ್ಕೇ ಜೋತುಬೀಳುತ್ತದೆ. ಕಾರಿನ ಮೇಲೆ ಯಾವ ಆಕಾರದಲ್ಲಿ ಕೂರುತ್ತದೋ ಅದೇ ಆಕಾರದಲ್ಲಿ ನಿಲ್ಲುವಂತೆ ಕೆಳಗೆ ಆಧಾರ ಕೊಟ್ಟು ಬಣ್ಣ ಹೊಡೆಯಿರಿ, ಒಣಗುವವರೆಗೂ ಹಾಗೆಯೇ ಬಿಡಿ. ಪ್ಲಾಸ್ಟಿಕ್ಕನ್ನು ಒಣ ಬಟ್ಟೆಯಿಂದ ಉಜ್ಜಿದಷ್ಟೂ ಅದರಲ್ಲಿ ಸ್ಥಿರ ವಿದ್ಯುತ್ತು ಸೇರಿ, ಗಾಳಿಯಲ್ಲಿರುವ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಆದ್ದರಿಂದ ಕೊನೆಯ ಒರೆಸುವಿಕೆಯನ್ನು ಆಂಟಿಸ್ಟ್ಯಾಟಿಕ್ ದ್ರಾವಣದಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಮಾಡಿ, ನೆಲಕ್ಕೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಶುರು ಮಾಡಿ.

ಕ್ಯಾನಿನೊಳಗಿನ ಗುಂಡು ಸಡಿಲವಾಗಿ ಸದ್ದು ಮಾಡಲು ತೊಡಗಿದ ಮೇಲೂ ಎರಡು ನಿಮಿಷ ಅಲುಗಾಡಿಸಬೇಕು. ಬೆಳ್ಳಿ ಬಣ್ಣದಲ್ಲಿ ಲೋಹದ ಪುಡಿ ತಳದಲ್ಲಿ ಕೂತಿರುವುದರಿಂದ ಇದನ್ನು ಬಿಡಲೇಬಾರದು. ಚಳಿಯಿದ್ದರೆ ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ಇಡಬಹುದು. 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ತಗುಲಬಾರದೆಂದು ಕ್ಯಾನಿನ ಮೇಲೆಯೇ ಅಚ್ಚಾಗಿರುತ್ತದೆ, ಒಲೆಯ ಹತ್ತಿರಕ್ಕೂ ಒಯ್ಯಬೇಡಿ. ದೂರ 20ರಿಂದ 25 ಸೆಂಟಿಮೀಟರ್. ಭಾಗದ ಅಂಚಿನ ಹೊರಗೆ ಗುಂಡಿ ಒತ್ತಿ, ಅಂಚಿನ ಆಚೆಗೆ ಹೋದ ಮೇಲೆ ಬಿಡಿ; ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚಲಿ. ಮಣಿಕಟ್ಟನ್ನು ಬೀಸಣಿಗೆಯಂತೆ ತಿರುಗಿಸದೆ ಇಡೀ ತೋಳನ್ನೇ ಮೇಲ್ಮೈಗೆ ಸಮಾನಾಂತರವಾಗಿ ಸರಿಸುವುದು ಮೊದಮೊದಲು ಕಷ್ಟ. ಹಳೆಯ ರಟ್ಟಿನ ಮೇಲೆ ಹತ್ತು ಸಲ ಅಭ್ಯಾಸ ಮಾಡಿ.

ಪ್ರೈಮರ್ ಮೂರು ತೆಳು ಪದರ. ಅದು ಒಣಗಿದ ಮೇಲೆ 600, ಕೊನೆಗೆ 800ರ ವಾಟರ್ ಪೇಪರ್. ಎಲ್ಲಿಯಾದರೂ ಉಜ್ಜಿ ಮತ್ತೆ ಕಪ್ಪು ಪ್ಲಾಸ್ಟಿಕ್ ಇಣುಕಿದರೆ ಪರವಾಗಿಲ್ಲವೆಂದು ಮುಂದೆ ಹೋಗಬೇಡಿ. ಅಲ್ಲಿಗೆ ಮತ್ತೆ ಪ್ರಮೋಟರ್, ಮತ್ತೆ ಪ್ರೈಮರ್. ಬಣ್ಣದ ಪದರಗಳ ನಡುವೆ 10ರಿಂದ 15 ನಿಮಿಷ ಬಿಡಿ. ಅವಸರಿಸಿದರೆ ಒಳಗೆ ಸಿಕ್ಕಿಕೊಂಡ ದ್ರಾವಕ ಮೇಲಿನ ಪದರವನ್ನು ಗುಳ್ಳೆಯಾಗಿ ಒಡೆದು ಬರುತ್ತದೆ. ಬೆಳ್ಳಿ ಬಣ್ಣದ ಕೊನೆಯ ಪದರವನ್ನು ಮಾತ್ರ ಸ್ವಲ್ಪ ದೂರದಿಂದ ಮಂಜಿನಂತೆ ಹಗುರವಾಗಿ ಬೀಳಿಸಿದರೆ ಮೋಡದಂಥ ಕಲೆಗಳು ಮಾಯವಾಗುತ್ತವೆ. ಮಳೆಗಾಲದ ತೇವದಲ್ಲಿ ಈ ಕೆಲಸವೇ ಬೇಡ: ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಕ್ಲಿಯರ್ ಬಿಳಿಚಿಕೊಳ್ಳುತ್ತದೆ.

ಈಗ ನಿಮ್ಮ ಅನುಮಾನಗಳಿಗೆ ಬರುತ್ತೇನೆ. ಟೂ-ಕೆ ಕ್ಲಿಯರ್ ಗಟ್ಟಿತನದಲ್ಲಿ ಸಾಮಾನ್ಯ ಕ್ಲಿಯರಿಗಿಂತ ಬಹಳ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಿನೊಂದಿಗೆ ಒಳಹೋದರೆ ಅದು ಆಸ್ತಮಾ ತರಬಲ್ಲದು, ಮತ್ತು ಒಮ್ಮೆ ದೇಹ ಅದಕ್ಕೆ ಪ್ರತಿಕ್ರಿಯಿಸಲು ಕಲಿತರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಸಾಕಾಗುತ್ತದೆ. ಅಪಾಯದ ಮಟ್ಟದಲ್ಲಿಯೂ ಅದರ ವಾಸನೆ ಗೊತ್ತಾಗದಿರಬಹುದಾದ ಕಾರಣ ಮುಖಗವಸು ಕೆಲಸ ಮಾಡುತ್ತಿದೆಯೇ ಎಂದು ಮೂಗಿನಿಂದ ತಿಳಿಯಲಾಗದು. ವೃತ್ತಿಪರರು ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖಗವಸು ಹಾಕಿಕೊಂಡು, ಗಾಳಿ ಹೊರತಳ್ಳುವ ಕೋಣೆಯಲ್ಲಿ ಇದನ್ನು ಮಾಡುತ್ತಾರೆ. ಆ ವ್ಯವಸ್ಥೆ ನಿಮ್ಮಲ್ಲಿಲ್ಲದಿದ್ದರೆ ಬಣ್ಣದವರೆಗೆ ನೀವೇ ಮಾಡಿ, ಕ್ಲಿಯರನ್ನು ಬಣ್ಣದ ಕೆಲಸದವರಿಗೆ ವಹಿಸಿ, ಅಥವಾ ಸಾಮಾನ್ಯ ಕ್ಲಿಯರಿಗೇ ತೃಪ್ತರಾಗಿ. ಬಂಪರಿನ ಮೂಲೆಗೆ ಪೆಟ್ರೋಲ್ ಬೀಳುವ ಸಂದರ್ಭವೂ ಅಪರೂಪ. ಸಾಮಾನ್ಯ ಕ್ಯಾನುಗಳಿಗೂ ದ್ರಾವಕದ ಆವಿಯನ್ನು ಹಿಡಿಯುವ ಕಾರ್ಟ್ರಿಜ್ ಇರುವ ಮುಖಗವಸು, ಕನ್ನಡಕ, ಕೈಗವಸು ಮತ್ತು ತೆರೆದ ಗಾಳಿ ಬೇಕೇ ಬೇಕು. ಧೂಳಿನ ಬಟ್ಟೆ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಪಾರ್ಕಿಂಗ್ ಸೆನ್ಸರುಗಳನ್ನು ಬಿಚ್ಚಿ ತೆಗೆದಿಡಿ. ಅವು ಶ್ರವಣಾತೀತ (ಕಿವಿಗೆ ಕೇಳಿಸದ) ಶಬ್ದ ತರಂಗಗಳಿಂದ ಕೆಲಸ ಮಾಡುವುದರಿಂದ ಮುಖದ ಮೇಲೆ ದಪ್ಪ ಪದರ ಕೂತರೆ ಕಂಪನ ಕುಂದುತ್ತದೆ. ಹಿಂದಿನ ಬಂಪರಿನೊಳಗೆ ರಾಡಾರ್ ಇರುವ ಕಾರಾದರೆ ಇನ್ನೂ ಎಚ್ಚರ ಬೇಕು. ಆ ಜಾಗದಲ್ಲಿ ಪುಟ್ಟಿ ಹಾಕುವುದನ್ನೂ ಬಣ್ಣದ ದಪ್ಪ ಹೆಚ್ಚಿಸುವುದನ್ನೂ ಹಲವು ತಯಾರಕರು ನಿರ್ಬಂಧಿಸುತ್ತಾರೆ. ಲೋಹದ ಪುಡಿಯಿರುವ ನಿಮ್ಮಂಥ ಬೆಳ್ಳಿ ಬಣ್ಣ ತರಂಗಗಳನ್ನು ಇನ್ನಷ್ಟು ತಡೆಯಬಲ್ಲದು.

ಉಪ್ಪುಕಾಗದ

ಕೆಳಗಿನ ಒರಟು ಪಟ್ಟಿಯ ವಿಷಯ ಬಿಟ್ಟುಹೋಗಿತ್ತು. ಅದನ್ನು ಬಂಪರಿನ ಹಾಗೆ ನುಣುಪಾಗಿ ಹೊಳೆಯಿಸಬೇಕಾದರೆ ಆ ಒರಟುತನವನ್ನೆಲ್ಲ ದಪ್ಪ ಪ್ರೈಮರಿನಿಂದ ತುಂಬಿ ಉಜ್ಜಬೇಕು. ಅಷ್ಟು ದಪ್ಪ ಪದರ ಅಷ್ಟು ಬಾಗುವ ಪಟ್ಟಿಯ ಮೇಲೆ, ಅದೂ ಚಕ್ರದಿಂದ ಕಲ್ಲು ಸಿಡಿಯುವ ಜಾಗದಲ್ಲಿ, ಹೆಚ್ಚು ದಿನ ಬಾಳುವುದಿಲ್ಲ. ಒರಟು ಮೈಯನ್ನು ಹಾಗೆಯೇ ಉಳಿಸಿ ಪ್ರಮೋಟರಿನ ಮೇಲೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಯುವುದಾದರೆ ಸರಿ. ತೊಳೆಯುವಾಗ ಮಾತ್ರ ಬ್ರಷ್ ಬಳಸಿ, ಆ ಗುಂಡಿಗಳಲ್ಲಿ ಪಾಲಿಷ್ ವರ್ಷಗಟ್ಟಲೆ ಅಡಗಿರುತ್ತದೆ.

ಇನ್ನೊಂದು ಮಾತು: ಇಡೀ ಕೆಲಸಕ್ಕೆ ಮೊದಲು ಬಂಪರಿನ ಒಳಬದಿಯಲ್ಲಿ ಅಂಗೈಯಗಲ ಜಾಗದಲ್ಲಿ ಎಲ್ಲ ಪದರಗಳನ್ನೂ ಹೊಡೆದು, ಕೆಲವು ದಿನ ಬಿಟ್ಟು, ಬ್ಲೇಡಿನಿಂದ 2 ಮಿಲಿಮೀಟರ್ ಅಂತರದಲ್ಲಿ ಆರು ಗೀರು ಅಡ್ಡ, ಆರು ಗೀರು ಉದ್ದ ಎಳೆಯಿರಿ. 25 ಚೌಕಗಳಾಗುತ್ತವೆ. ಟೇಪು ಒತ್ತಿ ಅಂಟಿಸಿ ಕಿತ್ತಾಗ ಎಷ್ಟು ಚೌಕ ಬಂದವೆಂದು ಎಣಿಸಿ. ಐಎಸ್‌ಒ 2409 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯೂ ಮೂಲತಃ ಇದೇ.

ಅರೆಗೆಲಸ

ಸಲಹೆಯಂತೆ ಒಳಬದಿಯಲ್ಲಿ ಎರಡು ತುಂಡು ಜಾಗಗಳನ್ನು ಒಂದೇ ರೀತಿ ತೊಳೆದು ಉಜ್ಜಿ, ಒಂದಕ್ಕೆ ಪ್ರಮೋಟರ್ ಹಾಕಿ, ಇನ್ನೊಂದಕ್ಕೆ ಹಾಕದೆ, ಮೇಲಿನ ಪದರಗಳನ್ನು ಎರಡಕ್ಕೂ ಒಟ್ಟಿಗೇ ಹೊಡೆದೆ. ವಾರ ಬಿಟ್ಟು ಪರೀಕ್ಷಿಸಿದಾಗ ಪ್ರಮೋಟರ್ ಇಲ್ಲದ ಕಡೆ 25ರಲ್ಲಿ 19 ಚೌಕಗಳು ಟೇಪಿನ ಜೊತೆ ಬಂದವು. ಇದ್ದ ಕಡೆ ಒಂದೂ ಬರಲಿಲ್ಲ, ಗೀರುಗಳ ಅಂಚಿನಲ್ಲಿ ಸಣ್ಣ ಚಕ್ಕೆಗಳಷ್ಟೇ ಎದ್ದವು.

ಆಮೇಲೆ ಮೂಲೆಯನ್ನೆಲ್ಲ ಕೆರೆದು ಮೊದಲಿನಿಂದ ಮಾಡಿದೆ. ತೊಳೆಯಲು ಮತ್ತು ಉಜ್ಜಲು ಒಂದೂವರೆ ದಿನ, ಬಣ್ಣ ಹೊಡೆಯಲು ಅರ್ಧ ದಿನ ಹಿಡಿಯಿತು. ಗುಳಿಗಳು ಈ ಸಲ ಬೀಳಲಿಲ್ಲ. ಟೂ-ಕೆ ಕ್ಲಿಯರಿನ ಆಸೆಯನ್ನು ಬಿಟ್ಟು ಸಾಮಾನ್ಯ ಕ್ಲಿಯರನ್ನೇ ಹೊಡೆದಿದ್ದೇನೆ, ಒರಟು ಪಟ್ಟಿಯನ್ನು ಮುಟ್ಟಿಲ್ಲ. ನೇರವಾಗಿ ನೋಡಿದರೆ ಬಣ್ಣ ಹೊಂದುತ್ತದೆ, ಓರೆಯಾಗಿ ನೋಡಿದರೆ ಹೊಸ ಮೂಲೆ ಉಳಿದ ಬಂಪರಿಗಿಂತ ಒಂದು ಛಾಯೆ ತಿಳಿಯಾಗಿ ಕಾಣುತ್ತದೆ. ಬೆಳ್ಳಿ ಬಣ್ಣದಲ್ಲಿ ಲೋಹದ ಪುಡಿ ಕೂರುವ ರೀತಿ ಬದಲಾದರೂ ಹೀಗಾಗುತ್ತದೆಂದು ಈಗ ಓದಿ ತಿಳಿದೆ. ಕೊನೆಯ ಮಂಜಿನ ಪದರವನ್ನು ನಾನು ತುಸು ಹೆಚ್ಚೇ ದೂರದಿಂದ, ತುಸು ಹೆಚ್ಚೇ ಒಣದಾಗಿ ಬೀಳಿಸಿರಬೇಕು. ಒಂದು ತಿಂಗಳು ರಭಸದ ನೀರನ್ನೂ ಮೇಣವನ್ನೂ ತಾಗಿಸದೆ ಬಿಟ್ಟು, ಆಮೇಲೆ ಇಡೀ ಬದಿಗೆ ಬಣ್ಣವನ್ನು ಹರಡಿ ಬೆರೆಸುವುದೋ ಬೇಡವೋ ಎಂದು ನಿರ್ಧರಿಸುತ್ತೇನೆ.